ಎಚ್ಚರಿಸುವವರಿಗೆ ನಿಲ್ಲಿಸುವ ಅಧಿಕಾರವೂ ಇರಲಿ

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಗಾಯ ಇನ್ನೂ ಮಾಗಿಲ್ಲ. ತನಿಖಾ ನ್ಯಾಯಾಲಯದ ವರದಿಯಲ್ಲಿರುವ ಒಂದು ಸಂಗತಿಯನ್ನು ವಿಮಾನಯಾನದವರಷ್ಟೇ ಅಲ್ಲ, ಈ ನಾಡಿನಲ್ಲಿ ಹಿರಿಯ ಸ್ಥಾನದಲ್ಲಿ ಕೂತ ಪ್ರತಿಯೊಬ್ಬರೂ ಓದಬೇಕು. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತು ಹಾಕಿ ಬರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರು. ಕಾಕ್‌ಪಿಟ್‌ನ ಎಚ್ಚರಿಕೆ ಯಂತ್ರವೂ ಮತ್ತೆ ಮತ್ತೆ ಕೂಗಿತು. ಹಾರಾಟದ ಬಹುಪಾಲು ನಿದ್ದೆಯಲ್ಲಿ ಕಳೆದು ಎದ್ದಿದ್ದ ಕ್ಯಾಪ್ಟನ್ ವಿಮಾನವನ್ನು ಇಳಿಸಿಯೇಬಿಟ್ಟರು.

ಮೂರು ಸಲ ಹೇಳಿದ ಸಹಪೈಲಟ್ ನಿಯಂತ್ರಣವನ್ನು ತಾನೇ ಏಕೆ ಕೈಗೆ ತೆಗೆದುಕೊಳ್ಳಲಿಲ್ಲ? ಬಹುಶಃ ಸಹಪೈಲಟ್‌ಗೆ ಆ ಅಧಿಕಾರ ಕೊಡುವ ಸೂಚನೆಗಳಲ್ಲೇ ಅಸ್ಪಷ್ಟತೆ ಇದ್ದುದರಿಂದ ಎನ್ನುತ್ತದೆ ವರದಿ. ಹೇಳಲು ಅವರಿಗೆ ಅವಕಾಶವಿತ್ತು. ತಡೆಯಬಹುದೇ ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರಂದು, ಅದೇ ಸಂಸ್ಥೆಯ ವಿಮಾನ ಅದೇ ದುಬೈನಿಂದ ಬಂದು ಕೋಯಿಕ್ಕೋಡಿನ ರನ್‌ವೇ ಮೀರಿ ಕೆಳಗೆ ಬಿತ್ತು. ಮಂಗಳೂರಿನಂತೆ ಅದೂ ಗುಡ್ಡದ ನೆತ್ತಿಯ ರನ್‌ವೇ. 21 ಜನ ಸತ್ತರು. ಅಲ್ಲಿಯೂ ಸಹಪೈಲಟ್ ಮೇಲೇರಲು ಹೇಳಿದ್ದರು. ಕಾಕ್‌ಪಿಟ್‌ನಲ್ಲಿ ಹಿರಿಯ ಕಿರಿಯರ ನಡುವಿನ ಅಂತರ ಬಹಳ ಕಡಿದಾಗಿತ್ತು, ಸಹಪೈಲಟ್ ದೃಢವಾಗಿ ನಿಲ್ಲಲಿಲ್ಲ, ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ ಎಂದು ಆ ತನಿಖೆಯೂ ಬರೆಯಿತು. ಒಂದೇ ಪಾಠವನ್ನು ಎರಡು ಸಲ, ಅಷ್ಟೊಂದು ಜೀವಗಳ ಬೆಲೆ ತೆತ್ತು ಓದಿದ್ದೇವೆ.

ಮೂರನೆಯ ಸಲ ಓದುವ ಸ್ಥಿತಿ ಬಾರದಿರಲಿ ಎಂದು ಈ ಮಾತು. ಮುಂದಿನ ಅವಘಡ ವಿಮಾನದಲ್ಲೇ ಆಗಬೇಕೆಂದಿಲ್ಲ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಸುರಂಗದ ಕಾಮಗಾರಿಯಲ್ಲಿ, ಜಾತ್ರೆಯ ಕಿರಿದಾದ ದಾರಿಯಲ್ಲಿ, ಬ್ಯಾಂಕಿನ ಸಾಲ ವಿಭಾಗದಲ್ಲಿ, ಎಲ್ಲಿ ಬೇಕಾದರೂ ಆದೀತು. ಆದ ಮೇಲೆ ತನಿಖೆ ನಡೆದರೆ, ಕೆಳಗಿನವರೊಬ್ಬರು ಮೊದಲೇ ಹೇಳಿದ್ದರು ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ ಎಂಬುದು ನಮ್ಮ ಆತಂಕ.

ಪ್ರಭಾವ ಹೆಚ್ಚಿದಷ್ಟೂ ಸತ್ಯ ಕಿವಿಗೆ ಬೀಳುವುದು ಕಡಿಮೆಯಾಗುತ್ತದೆ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತರು. ದಟ್ಟ ಮಂಜಿನಲ್ಲಿ ಅನುಮತಿ ಸಿಗುವ ಮೊದಲೇ ವಿಮಾನ ಓಡಿಸಿದ ಕೆಎಲ್ಎಂ ಕ್ಯಾಪ್ಟನ್ ಆ ಸಂಸ್ಥೆಯ ಅತ್ಯಂತ ಹಿರಿಯರಲ್ಲಿ ಒಬ್ಬರು, ಉಳಿದ ಪೈಲಟ್‌ಗಳಿಗೆ ತರಬೇತಿ ಕೊಡುವವರು, ಕಂಪನಿಯ ಜಾಹೀರಾತಿನಲ್ಲಿ ಅವರದೇ ಫೋಟೊ. ಎದುರಿನ ವಿಮಾನ ರನ್‌ವೇ ಬಿಟ್ಟು ಹೋಗಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಅನುಮಾನದಿಂದ ಕೇಳಿದರು. ಹೋಗಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದರು. ಎಂಜಿನಿಯರ್ ಮುಂದೆ ಮಾತಾಡಲಿಲ್ಲ. ಅಷ್ಟು ಹೆಸರುವಾಸಿಯಾದವರು ಖಚಿತವಾಗಿ ಹೇಳಿದ ಮೇಲೆ ಎದುರಾಡುವುದು ಕಷ್ಟ. ಆ ಕ್ಯಾಪ್ಟನ್ ದುಷ್ಟರೇನೂ ಆಗಿರಲಿಲ್ಲ. ಅವರು ಯಾರನ್ನೂ ಗದರಲಿಲ್ಲ. ಇನ್ನೊಬ್ಬರ ಬಾಯಿ ಮುಚ್ಚಿಸಲು ಅವರ ಹಿರಿತನವೇ ಸಾಕಾಯಿತು.

2003ರಲ್ಲಿ ಕಲ್ಪನಾ ಚಾವ್ಲಾ ಸೇರಿ ಏಳು ಗಗನಯಾತ್ರಿಗಳನ್ನು ಬಲಿ ತೆಗೆದುಕೊಂಡ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತ ಇದರ ಇನ್ನೊಂದು ಮುಖ. ಉಡಾವಣೆಯಾದ ಸುಮಾರು 82 ಸೆಕೆಂಡಿಗೆ ಹೊರಟ್ಯಾಂಕಿನ ಫೋಮ್ ತುಂಡೊಂದು ಕಳಚಿ ನೌಕೆಯ ಎಡರೆಕ್ಕೆಗೆ ಬಡಿಯಿತು. ಕಕ್ಷೆಯಲ್ಲಿರುವಾಗಲೇ ರೆಕ್ಕೆಯ ಚಿತ್ರ ತೆಗೆಸಬೇಕೆಂದು ಎಂಜಿನಿಯರುಗಳು ಕೇಳಿದರು. ಆ ಕೋರಿಕೆ ಈಡೇರಲಿಲ್ಲ. ತನಿಖಾ ಮಂಡಳಿ ಕಂಡುಕೊಂಡ ವಿಷಯ ಸೂಕ್ಷ್ಮವಾದದ್ದು. ನೌಕೆ ಸುರಕ್ಷಿತವಾಗಿದೆ ಎಂದು ಮೇಲಿನವರು ಸಾಬೀತು ಮಾಡಬೇಕಿತ್ತು, ಆದರೆ ಅದು ಅಪಾಯದಲ್ಲಿದೆ ಎಂದು ಸಾಬೀತು ಮಾಡುವ ಭಾರವನ್ನು ಕೆಳಗಿನವರ ಮೇಲೆ ಹೊರಿಸಲಾಗಿತ್ತು. ಸಾಬೀತು ಮಾಡಲು ಚಿತ್ರ ಬೇಕು, ಆ ಚಿತ್ರವನ್ನೇ ಅವರಿಗೆ ಕೊಡಲಿಲ್ಲ. ನಮ್ಮ ಕಚೇರಿಗಳಲ್ಲಿ ಅನುಮಾನ ಎತ್ತಿದ ಕಿರಿಯರಿಗೆ "ದಾಖಲೆ ಇದ್ದರೆ ತನ್ನಿ" ಎಂದು ಹೇಳಿ ಕಳಿಸುವಾಗ ನಡೆಯುವುದೂ ಇದೇ.

ಬೇರೆ ರೀತಿ ನಡೆಯಬಹುದು ಎಂಬುದಕ್ಕೆ ನಮ್ಮ ಕಣ್ಣೆದುರೇ ನಿದರ್ಶನವಿದೆ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಮೊದಲ ಎಸ್ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ. ಉಡಾವಣೆಗೆ ಮುಂಚೆ ಕಂಪ್ಯೂಟರ್ ತಡೆ ಹಾಕಿತ್ತು, ಸೋರಿಕೆ ಇದ್ದರೂ ತೊಂದರೆಯಿಲ್ಲ ಎಂದು ತಜ್ಞರು ಧೈರ್ಯ ಹೇಳಿದರು, ತಡೆಯನ್ನು ಮೀರಿ ಹಾರಿಸಲು ನಿರ್ಧರಿಸಿದ್ದು ತಾನೇ ಎಂದು ಕಲಾಂ ಮುಂದೆ ಅನೇಕ ಸಭೆಗಳಲ್ಲಿ ತಾವಾಗಿ ಹೇಳಿಕೊಂಡರು. ಅಂದು ಪತ್ರಕರ್ತರ ಮುಂದೆ ಕೂತದ್ದು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಅವರು ಸೋಲಿನ ಹೊಣೆಯನ್ನು ತಮ್ಮ ಮೇಲೆ ಹೊತ್ತುಕೊಂಡರು, ತಂಡದ ಮೇಲೆ ನಂಬಿಕೆ ಇದೆ ಎಂದರು. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಪತ್ರಕರ್ತರೊಡನೆ ಮಾತಾಡಲು ಕಲಾಂ ಅವರನ್ನೇ ಮುಂದೆ ಬಿಟ್ಟರು.

ಈ ಪ್ರಸಂಗವನ್ನು ದೊಡ್ಡವರ ದೊಡ್ಡಗುಣವೆಂದು ಹೊಗಳಿ ಬಿಟ್ಟರೆ ಅದರ ಅರ್ಧ ಬೆಲೆಯೂ ನಮಗೆ ದಕ್ಕದು. ಅಂದು ಧವನ್ ಬೈಗುಳವನ್ನು ಕೆಳಕ್ಕೆ ಇಳಿಯಲು ಬಿಟ್ಟಿದ್ದರೆ, ಮುಂದಿನ ಉಡಾವಣೆಯ ಹೊತ್ತಿಗೆ ಯಾವ ಎಂಜಿನಿಯರೂ ಸೋರಿಕೆಯ ಸುದ್ದಿ ಮೇಲಕ್ಕೆ ತರುತ್ತಿರಲಿಲ್ಲ. ತಪ್ಪು ಎಲ್ಲಿ ಆಯಿತೆಂದು ಹೆದರದೆ ಮಾತಾಡಿಕೊಳ್ಳಲು ಅವರ ನಡೆ ದಾರಿ ಮಾಡಿಕೊಟ್ಟಿತು. ಹಿರಿಯರ ವಿನಯದ ನಿಜವಾದ ಉಪಯೋಗ ಇದು. ಕೈ ಮುಗಿಯುವುದು, ಹಿಂದಿನ ಸಾಲಿನಲ್ಲಿ ಕೂರುವುದು ನೋಡಲು ಚೆಂದ. ಆದರೆ ಕೆಟ್ಟ ಸುದ್ದಿ ತಂದವರು ಕ್ಷೇಮವಾಗಿ ಮನೆಗೆ ಹೋಗುತ್ತಾರೆಯೇ ಎಂಬುದೇ ವಿನಯಕ್ಕೆ ಪರೀಕ್ಷೆ.

ಈ ಪರೀಕ್ಷೆಯಲ್ಲಿ ನಾವು ಎಲ್ಲಿದ್ದೇವೆ? 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ 11 ಜನ ಸತ್ತರು. ಹಿಂದಿನ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತ್ತು, ಮರುದಿನವೇ ವಿಧಾನಸೌಧದಲ್ಲೂ ಕ್ರೀಡಾಂಗಣದಲ್ಲೂ ವಿಜಯೋತ್ಸವ ಇಡಲಾಗಿತ್ತು. ಲಕ್ಷಾಂತರ ಅಭಿಮಾನಿಗಳು ಬರಬಹುದು, ಸಿಬ್ಬಂದಿ ಸಾಲದು ಎಂದು ವಿಧಾನಸೌಧದ ಭದ್ರತೆಯ ಹೊಣೆ ಹೊತ್ತ ಡಿಸಿಪಿ ಸರ್ಕಾರಕ್ಕೆ ಬರೆದಿದ್ದ ಪತ್ರ ಆಮೇಲೆ ಬಹಿರಂಗವಾಯಿತು. ಆ ಪತ್ರ ವಿಧಾನಸೌಧದ ಸಮಾರಂಭದ ಕುರಿತದ್ದು, ಸಾವುಗಳಾದದ್ದು ಕ್ರೀಡಾಂಗಣದ ಬಳಿ ಎಂಬ ವ್ಯತ್ಯಾಸ ನಿಜ. ಆದರೆ ಜನಸಾಗರ ಒಂದೇ, ದಿನ ಒಂದೇ, ಪೊಲೀಸ್ ಪಡೆಯೂ ಒಂದೇ. ಎಚ್ಚರಿಕೆ ಕಾಗದದ ಮೇಲೆ ಬಂದರೂ ದಿನ ಮುಂದೂಡಲಿಲ್ಲ. ಮರುದಿನ ಪೊಲೀಸ್ ಆಯುಕ್ತರೂ ಸೇರಿದಂತೆ ಅಧಿಕಾರಿಗಳು ಅಮಾನತಾದರು. ಹೊಣೆ ಕೆಳಕ್ಕೆ ಇಳಿಯುವುದಕ್ಕೆ ಒಂದು ದಿನ ಸಾಕಾಯಿತು. ಅದಕ್ಕೂ ಮುಂಚೆ ಬಂದ ಎಚ್ಚರಿಕೆಗೆ ಮೇಲಕ್ಕೇರಲು ದಾರಿಯಿರಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಪ್ರತಿ ದುರಂತದ ನಂತರ ಒಂದು ಸಮಿತಿ, ಒಂದು ವರದಿ, ಒಂದು ಮಾರ್ಗಸೂಚಿ ಬರುತ್ತವೆ. ಮಾರ್ಗಸೂಚಿ ನಮ್ಮಲ್ಲಿ ಎಂದೂ ಕಡಿಮೆಯಿಲ್ಲ. ಬದಲಾಗಬೇಕಾದ್ದು ಹಿರಿಯರ ನಡವಳಿಕೆ, ಮತ್ತು ಅದು ಭಾಷಣದಿಂದ ಬದಲಾಗುವುದಿಲ್ಲ.

ವಿಮಾನಯಾನ ಲೋಕ ಇದನ್ನು ನಿಧಾನವಾಗಿ ಕಲಿಯಿತು. 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದ ನಂತರ ಸಿಬ್ಬಂದಿ ಒಟ್ಟಾಗಿ ಯೋಚಿಸಿ ನಿರ್ಧರಿಸುವ ತರಬೇತಿ ಅಮೆರಿಕದಲ್ಲಿ ಶುರುವಾಯಿತು. ಸಿಆರ್‌ಎಂ ಎಂದು ಅದರ ಹೆಸರು. ಮೊದಮೊದಲು ಹಿರಿಯ ಕ್ಯಾಪ್ಟನ್‌ಗಳಲ್ಲಿ ಕೆಲವರು ಅದನ್ನು ನಯವಿನಯ ಕಲಿಸುವ ಪಾಠಶಾಲೆ ಎಂದು ಹಳಿದರು. ಸಂಸ್ಥೆಗಳು ಪಟ್ಟು ಬಿಡಲಿಲ್ಲ. ಅದನ್ನು ಒಂದು ದಿನದ ಉಪನ್ಯಾಸವಾಗಿ ಮುಗಿಸದೆ ಹಾರಾಟದ ತರಬೇತಿಯ ಒಳಕ್ಕೇ ತಂದವು. 1989ರ ಜುಲೈ 19ರಂದು ಯುನೈಟೆಡ್ 232 ವಿಮಾನದ ಹಿಂದಿನ ಎಂಜಿನ್ ಸಿಡಿದು ಹೈಡ್ರಾಲಿಕ್ ನಿಯಂತ್ರಣ ಪೂರ್ತಿ ಹೋಯಿತು. ಕ್ಯಾಪ್ಟನ್ ಆಲ್ ಹೇನ್ಸ್ ತಮ್ಮ ಸಿಬ್ಬಂದಿಯ ಸಲಹೆ ಕೇಳಿದ್ದಲ್ಲದೆ, ಪ್ರಯಾಣಿಕರಾಗಿ ಕೂತಿದ್ದ, ತರಬೇತಿ ಕೊಡುವ ಪೈಲಟ್ ಒಬ್ಬರನ್ನು ಕಾಕ್‌ಪಿಟ್‌ಗೆ ಕರೆಸಿ ಎಂಜಿನ್‌ಗಳ ನಿಯಂತ್ರಣವನ್ನು ಅವರ ಕೈಗೆ ಕೊಟ್ಟರು. ವಿಮಾನ ಸೂ ಸಿಟಿಯಲ್ಲಿ ನೆಲಕ್ಕಪ್ಪಳಿಸಿ 112 ಜನ ಸತ್ತರು. ಆದರೆ ಒಬ್ಬರೂ ಉಳಿಯುವ ಭರವಸೆ ಇಲ್ಲದಿದ್ದಲ್ಲಿ 184 ಜನ ಉಳಿದರು. ಎಲ್ಲವೂ ಕ್ಯಾಪ್ಟನ್‌ಗೇ ಗೊತ್ತು ಎಂದು ನಂಬುತ್ತಿದ್ದ ಹಳೆಯ ಕಾಲದಲ್ಲಿ ಇದು ಆಗುತ್ತಿರಲಿಲ್ಲ ಎಂದು ಹೇನ್ಸ್ ಮುಂದೆ ಬಹಿರಂಗವಾಗಿಯೇ ಹೇಳುತ್ತಾ ಹೋದರು.

ಆಸ್ಪತ್ರೆಗಳಿಗೂ ದಾರಿ ಇದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್, ಚರ್ಮ ಕೊಯ್ಯುವ ಮುನ್ನ ಎಲ್ಲರೂ ಒಂದು ಕ್ಷಣ ನಿಂತು ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು ಎನ್ನುತ್ತದೆ. ಹೆಸರು ಹೇಳಿ ಒಮ್ಮೆ ಬಾಯಿ ತೆರೆದ ನರ್ಸ್‌ಗೆ ಆಮೇಲೆ ತಪ್ಪು ಕಂಡಾಗ ಹೇಳುವುದು ಸುಲಭ ಎಂಬುದು ಅದರ ಹಿಂದಿನ ಅರಿವು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸೆಯ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ ತನ್ನ ಉತ್ಪಾದನಾ ಪದ್ಧತಿಯಲ್ಲಿ, ದೋಷ ಕಂಡ ಯಾವ ಕಾರ್ಮಿಕರೂ ಕೆಲಸದ ಸಾಲನ್ನೇ ನಿಲ್ಲಿಸಬಹುದು ಎಂಬ ನಿಯಮವನ್ನು ದಶಕಗಳ ಹಿಂದೆಯೇ ಇಟ್ಟುಕೊಂಡಿದೆ.

ಈ ಎಲ್ಲ ಬದಲಾವಣೆಗಳೂ ಅಧಿಕಾರದ ಒಂದು ಪಾಲನ್ನು ಕೆಳಕ್ಕೆ ಹಂಚಿವೆ. ಹಿರಿಯರಿಗೆ ಕಷ್ಟವಾಗುವುದು ಇದೇ. "ನನ್ನ ಬಾಗಿಲು ಸದಾ ತೆರೆದಿದೆ" ಎನ್ನುವುದಕ್ಕೆ ಖರ್ಚಿಲ್ಲ. "ನಾನೇ ಹೇಳಿದರೂ ನೀವು ನಿಲ್ಲಿಸಬಹುದು" ಎಂದು ಬರೆದುಕೊಡುವುದಕ್ಕೆ ಎದೆಗಾರಿಕೆ ಬೇಕು.

ಅಪಾಯ ಹತ್ತಿರ ಬರುತ್ತಿರುವ ಗುರುತುಗಳನ್ನು ಇಂದೇ ನೋಡಬಹುದು. ಸಭೆಯಲ್ಲಿ ನಿಮ್ಮ ಪ್ರಸ್ತಾವಕ್ಕೆ ಒಂದು ಪ್ರಶ್ನೆಯೂ ಬರದಿದ್ದರೆ ಅದು ಒಪ್ಪಿಗೆ ಎಂದು ತಿಳಿಯಬೇಡಿ. ನಿಮ್ಮ ಇಲಾಖೆಯ ತೊಂದರೆ ಪತ್ರಿಕೆ ನೋಡಿ ನಿಮಗೆ ಗೊತ್ತಾಗುತ್ತಿದ್ದರೆ, ನಿಮ್ಮವರು ನಿಮಗೆ ಹೇಳುವುದನ್ನು ಬಿಟ್ಟು ಬಹಳ ದಿನವಾಗಿದೆ. ಮುಹೂರ್ತ ಮೊದಲು ನಿಗದಿಯಾಗಿ ಸುರಕ್ಷತೆಯ ಪರಿಶೀಲನೆ ಆಮೇಲೆ ನಡೆದರೆ, ಆ ಪರಿಶೀಲನೆ ಬರೀ ಸಹಿ. ಹೋದ ವರ್ಷ ಬೇಡ ಎಂದವರು ಈ ವರ್ಷ ಎತ್ತಂಗಡಿಯಾಗಿದ್ದರೆ, ಉಳಿದವರಿಗೆ ಪಾಠ ಆಗಲೇ ತಲುಪಿದೆ.

ಈ ಗುರುತುಗಳು ಕಂಡಲ್ಲಿ ಮಾಡಬೇಕಾದ ಕೆಲಸ ಮೂರು. ಜನ ಸೇರುವ ಪ್ರತಿ ಕಾರ್ಯಕ್ರಮಕ್ಕೂ, ಜೀವಕ್ಕೆ ಅಪಾಯವಿರುವ ಪ್ರತಿ ಕಾಮಗಾರಿಗೂ, ಅದನ್ನು ನಿಲ್ಲಿಸುವ ಅಧಿಕಾರ ಯಾವ ಹುದ್ದೆಗಿದೆ ಎಂದು ಮುಂಚೆಯೇ ಲಿಖಿತವಾಗಿ ಗೊತ್ತುಮಾಡಬೇಕು. ಆ ಹುದ್ದೆ ಸ್ಥಳದಲ್ಲಿರುವವರದಾಗಿರಬೇಕು, ಮೇಲಿನ ಫೋನ್ ಕರೆಯಿಂದ ಅದು ರದ್ದಾಗಬಾರದು. ನಿಲ್ಲಿಸಿದ್ದು ಅನಗತ್ಯವಾಗಿತ್ತು ಎಂದು ಆಮೇಲೆ ತಿಳಿದರೂ ನಿಲ್ಲಿಸಿದವರಿಗೆ ಶಿಕ್ಷೆಯಾಗಬಾರದು. ಲಿಖಿತ ಎಚ್ಚರಿಕೆ ಬಂದ ಮೇಲೂ ಮುಂದುವರಿಸಿದರೆ, ಏಕೆ ಮುಂದುವರಿಸಿದ್ದು ಎಂದು ನಿರ್ಧಾರ ಮಾಡಿದ ಅತಿ ಹಿರಿಯರೇ ತಮ್ಮ ಹೆಸರಿನಲ್ಲಿ ಬರೆದಿಡಬೇಕು. ಸಾಬೀತಿನ ಭಾರ ಆಗ ಸರಿಯಾದ ಹೆಗಲಿಗೆ ಬರುತ್ತದೆ.

ದೊಡ್ಡ ಹುದ್ದೆಯಲ್ಲಿರುವ ಓದುಗರಲ್ಲಿ ನಮ್ಮ ಮನವಿ ಇಷ್ಟೇ. ನಿಮ್ಮ ಕೈಕೆಳಗಿನ ಅತಿ ಕಿರಿಯರನ್ನು ಈ ವಾರವೇ ಕರೆದು, ನಾನು ತಪ್ಪು ದಾರಿಯಲ್ಲಿದ್ದರೆ ನನ್ನನ್ನು ತಡೆಯಲು ನಿಮಗೆ ಅಧಿಕಾರವಿದೆಯೇ ಎಂದು ಕೇಳಿ. ಅವರು ಉತ್ತರಿಸಲು ಹಿಂಜರಿದರೆ ಆ ಅಧಿಕಾರವನ್ನು ಅಂದೇ ಬರೆದುಕೊಡಿ, ತನಿಖಾ ವರದಿಗಾಗಿ ಕಾಯಬೇಡಿ.