ಮಾಕುಟ್ಟ ಗೊತ್ತಿಲ್ಲದ ಪ್ರಚಲಿತ ಜ್ಞಾನ

ಐಎಎಸ್, ಕೆಎಎಸ್‌ಗೆ ಓದುವವರು ತಿಂಗಳು ತಿಂಗಳೂ ಉರುಹೊಡೆಯುವ ಪ್ರಚಲಿತ ವಿದ್ಯಮಾನಗಳ ಪಟ್ಟಿಯಲ್ಲಿ ಶೃಂಗಸಭೆ, ಪ್ರಶಸ್ತಿ, ಸೂಚ್ಯಂಕ ಎಲ್ಲವೂ ಇರುತ್ತವೆ. ಆಡಳಿತ ನಿಜಕ್ಕೂ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಅದನ್ನು ತಿಳಿಯಲು ಕೊಡಗಿನ ಗಡಿಯ ಮಾಕುಟ್ಟ ಸಾಕು. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ, ಬ್ರಹ್ಮಗಿರಿ ವನ್ಯಧಾಮದ ಕಾಡಿನಲ್ಲಿ ಘಾಟಿ ಇಳಿದು ಕೇರಳದ ಇರಿಟ್ಟಿಯತ್ತ ಸಾಗುವ ದಾರಿಯಲ್ಲಿ ಅದು ಕರ್ನಾಟಕದ ಕೊನೆಯ ಚೆಕ್‌ಪೋಸ್ಟ್. 2020ರ ಮಾರ್ಚ್‌ನಲ್ಲಿ ಕೊರೊನಾ ಭೀತಿಯಿಂದ ಕರ್ನಾಟಕ ಇಲ್ಲಿ ರಸ್ತೆಗೇ ಮಣ್ಣು ಸುರಿದು ಗಡಿ ಮುಚ್ಚಿತು. ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿದೆ, ಸರಿ. ಆದರೆ ಸೋಂಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೇ ವಿಷಯ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವುಗೊಳಿಸಲು ಸೂಚಿಸಿದ್ದು ಕೇಂದ್ರ ಸರ್ಕಾರಕ್ಕೆ, ಅದೂ ಮಂಗಳೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಗಳ ವಿಚಾರದಲ್ಲಿ. ಸುಪ್ರೀಂ ಕೋರ್ಟ್‌ಗೆ ಹೋದ ವ್ಯಾಜ್ಯ, ಮಂಗಳೂರು ದಾರಿಯ ಗಡಿಯಾದ ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ಒಪ್ಪಂದದೊಂದಿಗೆ ಏಪ್ರಿಲ್ 7ಕ್ಕೆ ಮುಗಿಯಿತು. ಮಾಕುಟ್ಟದ್ದು ಕೊಣನೂರಿನಿಂದ ಬರುವ ರಾಜ್ಯ ಹೆದ್ದಾರಿ. ಒಂದೇ ಗಡಿ, ಎರಡು ದಾರಿ, ಎರಡು ಬಗೆಯ ಅಧಿಕಾರ! ಇದನ್ನು ಬಿಡಿಸಿ ನೋಡಬಲ್ಲವನಿಗೆ ಒಕ್ಕೂಟ ವ್ಯವಸ್ಥೆಯ ವ್ಯಾಖ್ಯೆಯನ್ನು ಪ್ರತ್ಯೇಕವಾಗಿ ಬಾಯಿಪಾಠ ಮಾಡಿಸಬೇಕಿಲ್ಲ.

ಸ್ವಲ್ಪ ಕೆಳಗಿನ ಕೂಟುಪುಳ ಸೇತುವೆಯ ಕಥೆಯೂ ಅಂಥದ್ದೇ. ಬ್ರಿಟಿಷರ ಕಾಲದ ಕಿರಿದಾದ ಸೇತುವೆಯ ಪಕ್ಕದಲ್ಲಿ ಕೇರಳ ಹೊಸದನ್ನು ಕಟ್ಟಹೊರಟಾಗ, ಆಚೆ ದಡದ ಜಾಗ ವನ್ಯಧಾಮದ್ದೆಂದು ಕರ್ನಾಟಕದ ಅರಣ್ಯ ಇಲಾಖೆ ತಕರಾರು ತೆಗೆಯಿತು. ಕೆಲಸ ವರ್ಷಗಟ್ಟಲೆ ನಿಂತು, ಸೇತುವೆ ತೆರೆದದ್ದು 2022ರ ಜನವರಿಯಲ್ಲಿ. 1976ರ 42ನೇ ತಿದ್ದುಪಡಿ ಅರಣ್ಯವನ್ನು ಸಮವರ್ತಿ ಪಟ್ಟಿಗೆ ಸೇರಿಸಿತು ಎಂಬ ಒಂದು ಸಾಲಿನ ಉತ್ತರ ಎಲ್ಲರಿಗೂ ಗೊತ್ತು. ಆ ಸಾಲು ಒಂದು ಸೇತುವೆಯನ್ನು ಅರ್ಧಕ್ಕೆ ನಿಲ್ಲಿಸಬಲ್ಲದು ಎಂಬುದು ಎಷ್ಟು ಜನರಿಗೆ ಗೊತ್ತು? 2018ರ ಮಳೆಯಲ್ಲಿ ಇದೇ ಘಾಟಿ ಕುಸಿದು ಸಂಚಾರ ನಿಂತಿತ್ತು. ಹಾಗಿದ್ದೂ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ವಲಯದ ಕರಡು ಅಧಿಸೂಚನೆ 2024ರ ಜುಲೈ 31ರಂದು ಆರನೇ ಬಾರಿ ಹೊರಬಿದ್ದಾಗ, ಪರೀಕ್ಷಾರ್ಥಿಗಳು ಬರೆದಿಟ್ಟುಕೊಂಡದ್ದು ಬಹುಶಃ ವಿಸ್ತೀರ್ಣವನ್ನಷ್ಟೇ.

ಲಕ್ಷಾಂತರ ಜನ ಬರೆಯುವ ಪೂರ್ವಭಾವಿ ಪರೀಕ್ಷೆಯಲ್ಲಿ ಇಷ್ಟು ಆಳಕ್ಕಿಳಿಯಲು ಸಾಧ್ಯವೇ ಎಂದು ಕೇಳಬಹುದು. ಎರಡು ಗಂಟೆಯಲ್ಲಿ ನೂರು ಪ್ರಶ್ನೆ ಬಿಡಿಸಬೇಕಾದಲ್ಲಿ ನೆನಪಿಗೆ ಬೆಲೆ ಇದ್ದೇ ಇದೆ, ಒಪ್ಪೋಣ. ಆದರೆ ನಾಲ್ಕು ಆಯ್ಕೆಗಳ ಪ್ರಶ್ನೆಯಲ್ಲೂ ಸನ್ನಿವೇಶ ಕೊಟ್ಟು, ಯಾವ ಅಧಿಕಾರ ಯಾರದೆಂದು ಕೇಳಲು ಅಡ್ಡಿಯಿಲ್ಲ; ಅದಕ್ಕೆ ಪ್ರಶ್ನೆ ತೆಗೆಯುವವರು ಒಂದಿಷ್ಟು ಹೆಚ್ಚು ಬೆವರಬೇಕು, ಅಷ್ಟೇ. ಮಾಕುಟ್ಟದಂಥ ಊರನ್ನು ಕೇಳಿದರೆ ಬೀದರಿನ ಹುಡುಗಿಗೆ ಅನ್ಯಾಯವಲ್ಲವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಊರಿನ ಹೆಸರು ಕೇಳಿದರೆ ಅನ್ಯಾಯವೇ. ಆದರೆ ಗಡಿ, ಹೆದ್ದಾರಿ, ನೆರೆರಾಜ್ಯದೊಡನೆ ತಗಾದೆ ಬೀದರಿಗೂ ಹೊಸದಲ್ಲ. ತನ್ನ ಜಿಲ್ಲೆಯ ಸುದ್ದಿಪುಟವನ್ನು, ಈ ಪಟ್ಟಿಗಳಿರುವ ಸಂವಿಧಾನದ ಏಳನೇ ಅನುಸೂಚಿಯ ಪಕ್ಕದಲ್ಲಿಟ್ಟು ಓದುವುದಕ್ಕೆ ಆಕೆ ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ಹಿಡಿದು ಕೋಚಿಂಗ್ ಶುಲ್ಕ ಕಟ್ಟಬೇಕಾಗಿಲ್ಲ.