ಹದಿನೆಂಟು ತುಂಬಿದ ಮೇಲೆ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೋಕುಗಳ ಅಧಿಕಾರಿ ಮಹಾಶಯರ ಹಾಗೂ ಮಹಾಜನರ ಗಮನವನ್ನು ಒಂದು ವಿಷಯದತ್ತ ಸೆಳೆಯಬಯಸುತ್ತೇವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ವಿಚಾರವಿದು. ಇದು ಅಂಟುರೋಗವಲ್ಲ, ತಾಯಿಯ ಪಾಪದ ಫಲವಂತೂ ಅಲ್ಲವೇ ಅಲ್ಲ. ಎರಡಿರಬೇಕಾದ 21ನೆಯ ವರ್ಣತಂತು ಮೂರಾಗಿರುವುದೇ ಕಾರಣವೆಂದು 1959ರಲ್ಲಿಯೇ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಆದರೂ ಮದುವೆಮುಂಜಿಗಳ ದಿನ ಇಂಥ ಮಗುವನ್ನು ಹಿತ್ತಿಲ ಕೋಣೆಯಲ್ಲಿರಿಸುವ ವಿದ್ಯಾವಂತರ ಮನೆಗಳು ನಮ್ಮಲ್ಲಿ ಇನ್ನೂ ಇವೆಯೆಂಬುದು ವಿಷಾದನೀಯ.

ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ನ್ಯೂನತೆ ಹುಟ್ಟಿನಿಂದಲೇ ಇರುತ್ತದೆ. ಆದಕಾರಣ ಹಿಂದೆ ಅನೇಕರು ಎಳವೆಯಲ್ಲಿಯೇ ತೀರಿಕೊಳ್ಳುತ್ತಿದ್ದರು. ಶಸ್ತ್ರಚಿಕಿತ್ಸೆ ಸುಲಭವಾಗಿರುವ ದೇಶಗಳಲ್ಲಿ ಈಗ ಅವರ ಸರಾಸರಿ ಆಯುಸ್ಸು 60 ವರ್ಷಗಳನ್ನು ಸಮೀಪಿಸಿದೆ. ಸಂತೋಷವೇ ಸರಿ, ಆದರೆ ಮಗು ತಂದೆತಾಯಿಗಳ ಕಾಲಾನಂತರವೂ ಬದುಕಿರುವುದೆಂದು ಇದರ ಅರ್ಥ. ಆಗ ಅದರ ಪಾಡೇನು?

2016ರ ವಿಕಲಚೇತನರ ಹಕ್ಕುಗಳ ಕಾನೂನು ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯುಳ್ಳ ಮಕ್ಕಳಿಗೆ 6ರಿಂದ 18 ವರ್ಷಗಳವರೆಗೆ ಉಚಿತ ಶಿಕ್ಷಣವನ್ನು ವಿಧಿಸಿದೆ. ಹದಿನೆಂಟು ತುಂಬಿದ ಮರುದಿನದಿಂದ ಮನೆಯ ಜಗುಲಿಯೇ ಗತಿ. ಸರ್ಕಾರಿ ಹುದ್ದೆಗಳಲ್ಲಿ ಶೇ. 4ರಷ್ಟು ಮೀಸಲಾತಿಯುಂಟು, ಅದರಲ್ಲಿ ಶೇ. 1ರ ಪಾಲು ಬುದ್ಧಿನ್ಯೂನತೆಯುಳ್ಳವರೇ ಮೊದಲಾದವರಿಗೆ ಸಲ್ಲಬೇಕು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿಸದ ಪರೀಕ್ಷೆಯನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಪಾಲು ಇಟ್ಟಿದ್ದೇವೆಂದರೆ ಯಾರಿಗೆ ಪ್ರಯೋಜನ?

ಕೆಲಸವೇ ಇಲ್ಲವೆಂದು ಹೇಳುವಂತಿಲ್ಲ. ಸಸಿಮಡಿಗಳಲ್ಲಿ ಚೀಲಕ್ಕೆ ಮಣ್ಣು ತುಂಬುವುದು, ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಹಾಲಿನ ಡೇರಿಯಲ್ಲಿ ಕ್ಯಾನು ತೊಳೆಯುವುದು, ಸಂತೆಯಲ್ಲಿ ಅಣ್ಣನ ಅಂಗಡಿಗೆ ನೆರವಾಗುವುದು ಇವೆಲ್ಲ ತಾಳ್ಮೆಯಿಂದ ಕಲಿಸಿದರೆ ಬರತಕ್ಕ ಕೆಲಸಗಳು. (ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬ್ಯಾರನ್ನುಗಳ ಬೆಂಕಿಯ ಮುಂದೆ ಅವರನ್ನು ನಿಲ್ಲಿಸಿರೆಂದು ನಾವು ಹೇಳುತ್ತಿಲ್ಲ.) ಮಾತು ತೊದಲುವವರಿಗೆ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿಯೇ ಇದೆ. ಆದರೆ ಕಾಡಂಚಿನ ಕೂಲಿಕಾರನು ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕಳೆದುಕೊಂಡು ಅಲ್ಲಿಗೆ ಎಷ್ಟು ಸಲ ಹೋದಾನು?

ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ವ್ಯಯಿಸಬೇಕೆಂಬ ನಿಯಮವಿದೆ. ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಆ ಹಣದಿಂದ ತಾಲ್ಲೋಕಿನ ಮುಖ್ಯ ಪಟ್ಟಣದಲ್ಲಿ, ಪಂಚಾಯಿತಿಗಳೆಲ್ಲ ಕೂಡಿ, ಹದಿನೆಂಟು ಮೀರಿದವರಿಗೆ ಹಗಲು ಕಲಿಕೆಯ ಕೇಂದ್ರವೊಂದನ್ನು ನಡೆಸಲು ಅಡ್ಡಿಯೇನು? ಅಡ್ಡಿಯಾದ ನಿಯಮವಿದ್ದರೆ ಸರ್ಕಾರದವರು ಅದನ್ನು ತಿದ್ದಲಿ.

ಪೋಷಕರ ನೇಮಕದ ವಿಷಯ ಇನ್ನೂ ಜರೂರಿನದು. 1999ರ ರಾಷ್ಟ್ರೀಯ ನ್ಯಾಸ ಕಾನೂನಿನಂತೆ ಈ ಅಧಿಕಾರ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಗೆ ಸೇರಿದೆ. ವಯಸ್ಸಾದ ತಂದೆಯೊಬ್ಬನು ತನ್ನ ಅನಂತರ ಮಗನ ಜಮೀನನ್ನು ದಾಯಾದಿಗಳಿಂದ ಕಾಯುವವರಾರೆಂದು ಕೇಳುವುದಕ್ಕೆ ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಾಗಿದೆ. ಸಮಿತಿಯವರು ವರ್ಷಕ್ಕೆ ಒಂದು ದಿನವಾದರೂ ಈ ನಾಲ್ಕು ತಾಲ್ಲೋಕು ಕಚೇರಿಗಳಲ್ಲಿ ಕುಳಿತು ಅರ್ಜಿ ಕೇಳಲಿ. ಆ ದಿನವನ್ನು ತಿಂಗಳ ಮುಂಚೆಯೇ ಡಂಗುರ ಹೊಡೆಸಿ ಸಾರಲಿ.