ಪಾಳುಬಿದ್ದ ಹಳಿ ಎಲ್ಲಿದೆ ಸ್ವಾಮಿ?

ಕಾಣಕೋಣಕ್ಕೆ ಸೈಕಲ್ ತುಳಿದು ಬರುವ ನಮ್ಮೂರ ಹುಡುಗರಿಗೆ ಪಾಳುಬಿದ್ದ ರೈಲುಹಾದಿ ಬೇಕಂತೆ. ಇಲ್ಲಿಲ್ಲ ಮಾರಾಯ್ರೆ! 1998ರಿಂದ ಮಂಗಳೂರು–ಮುಂಬಯಿ ಗಾಡಿಗಳು ಓಡುತ್ತಲೇ ಇವೆ. ಈಗಂತೂ ವಿದ್ಯುತ್ ಎಂಜಿನ್ನು. ಹೊಗೆಯಿಲ್ಲ, ಸದ್ದೂ ಕಡಿಮೆ.

ಈ ಹುಚ್ಚು ಹತ್ತಿಸಿದ್ದು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ. 1996ರಲ್ಲಿ ಮೀಟರ್ ಗೇಜ್ ನಿಂತಾಗ ಅಲ್ಲಿನ 57 ಸುರಂಗ ದಾಟಿದವರು ಬರೆದದ್ದನ್ನು ಇಂದಿಗೂ ತಾರೀಖಿಲ್ಲದೆ ಹಂಚುತ್ತಾರೆ. 2006ರಲ್ಲೇ ಗೂಡ್ಸು, ಮರುವರ್ಷ ಪ್ರಯಾಣಿಕರ ಗಾಡಿ ಮರಳಿ ಬಂದದ್ದನ್ನು ಮಾತ್ರ ಹೇಳುವುದಿಲ್ಲ!

ದೂಧಸಾಗರದ ಹಳಿ ಮೇಲೆ ನಡೆದವರಿಗೆ 2023ರಲ್ಲಿ ಬಸ್ಕಿ ಹೊಡೆಸಿದರು, ಊರೆಲ್ಲ ನಕ್ಕಿತು. ಮೇಷ್ಟ್ರುಗಳಾಗಿ ಹೇಳುತ್ತೇವೆ, ಬಸ್ಕಿಯಿಂದ ಯಾರೂ ಕಲಿತಿಲ್ಲ. ಹಳೆಯ ಬರಹಗಳಿಗೆ ಮೊದಲು ತಾರೀಖು ಹಾಕಿ. ಸೈಕಲ್ಲಿಗೆ ಚಾವಡಿ ಪೇಟೆಯ ಹಳೇ ಹೆದ್ದಾರಿ ಇದೆಯಲ್ಲ. 2019ರಲ್ಲಿ ಬೈಪಾಸ್ ಆದ ಮೇಲೆ ಲಾರಿಗಳ ಕಾಟ ತಗ್ಗಿದೆ.